ಒಂದು ಗಾಡಿ ಕಟ್ಟಿಗೆ

ಒಂದೂವರೆ ಟನ್ ಕಟ್ಟಿಗೆ ಎಂದರೆ ಐದು ಚಿತೆ. ಇಲ್ಲವೇ ಪಾವ್ ಸುಡುವ ಒಂದು ಸಾಧಾರಣ ಬೇಕರಿಗೆ ಹನ್ನೊಂದು ದಿನದ ಉರುವಲು. ಮುಂಬೈ ಮಹಾನಗರಪಾಲಿಕೆ ತನ್ನ ಸ್ಮಶಾನಗಳಲ್ಲಿ ಒಂದು ಶವಕ್ಕೆ 300 ಕಿಲೊ ಕಟ್ಟಿಗೆಯನ್ನು ಉಚಿತವಾಗಿ ಕೊಡುತ್ತದೆ. ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ಸಂಸ್ಥೆ ನಗರದ ಬೇಕರಿಗಳ ಸಮೀಕ್ಷೆ ಮಾಡಿದಾಗ, ಕಟ್ಟಿಗೆ ಉರಿಸುವ ಬೇಕರಿಯೊಂದಕ್ಕೆ ದಿನಕ್ಕೆ ಸರಾಸರಿ 130 ಕಿಲೊ ಬೇಕಾಗುತ್ತದೆ ಎಂದು ಕಂಡುಬಂತು. ಸಾವಿನ ಲೆಕ್ಕವೂ ಪಾವಿನ ಲೆಕ್ಕವೂ ಬಂದು ಸೇರುವುದು ಪಿಕ್‌ಅಪ್ ಗಾಡಿಯ ಬೆನ್ನ ಮೇಲೆ. ಆ ಗಾಡಿ ಓಡಿಸುವವರನ್ನು ಹುಡುಕಿಕೊಂಡು ನಾನು ಆಂಟಾಪ್ ಹಿಲ್‌ಗೆ ಹೋಗಿದ್ದೆ.

ಆಂಟಾಪ್ ಹಿಲ್ ಅಂದರೆ ಮುಂಬೈ ಕನ್ನಡಿಗರಿಗೆ ಮೊದಲು ನೆನಪಾಗುವುದು ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳ ಸಾಲು. ಆ ಸೆಕ್ಟರುಗಳ ಆಚೆ ಬೇರೆಯೇ ಊರಿದೆ. ಒಂದು ಕಾಲದ ಉಪ್ಪಿನ ಆಗರದ ಹೆಸರನ್ನೇ ಉಳಿಸಿಕೊಂಡ ಕೊಕರಿ ಆಗರ್, ಸಂಗಮ್ ನಗರ, ಉಗ್ರಾಣಗಳು, ವಡಾಲದ ಟ್ರಕ್ ಟರ್ಮಿನಲ್. 2019ರಲ್ಲಿ ಮೊನೊರೈಲು ಇಲ್ಲಿಗೂ ಬಂತು. ಅದರ ಕಂಬಗಳ ನೆರಳಿನಲ್ಲಿ ಸಾಲಾಗಿ ನಿಂತ ಸಣ್ಣ ಗಾಡಿಗಳಲ್ಲಿ ಕಟ್ಟಿಗೆಯವು ಯಾವುವು ಎಂದು ಕೇಳಬೇಕಾಗಿಲ್ಲ. ಹಿಂದಿನ ಹಲಗೆ ಒಳಗಿನಿಂದ ಗುದ್ದಿಸಿಕೊಂಡು ಹೊರಗೆ ಉಬ್ಬಿರುತ್ತದೆ, ಸಂದುಗಳಲ್ಲಿ ತೊಗಟೆಯ ಪುಡಿ ಕೂತಿರುತ್ತದೆ.

ಜಾಗದ ಅನುಕೂಲವೂ ಇದೆ. ಉತ್ತರಕ್ಕೆ ಸಯನ್ ಸ್ಮಶಾನ, ಪಶ್ಚಿಮಕ್ಕೆ ಧಾರಾವಿ ಮತ್ತು ಮಾಟುಂಗಾದ ಬೇಕರಿಗಳು, ದಕ್ಷಿಣಕ್ಕೆ ರೇ ರೋಡಿನ ದಾರುಖಾನಾ. ಒಡೆದ ಹಡಗುಗಳ ಸರಕು ಮಾರುವ ಆ ದಾರುಖಾನಾದ ಪಕ್ಕದಲ್ಲೇ ಲಕ್ಡಿ ಬಂದರ್ ಇದೆ. ಮರ ನೀರಿನ ಮೇಲೆ ಬಂದಿಳಿಯುತ್ತಿದ್ದ ಕಾಲದ ಗುರುತು ಆ ಹೆಸರಿನಲ್ಲೇ ಇದೆ. ದೊಡ್ಡ ಲಾರಿಗೆ ಹಗಲಿನ ನಿರ್ಬಂಧಗಳಿವೆ, ಬೇಕರಿಯ ಗಲ್ಲಿಗೆ ಅದು ನುಗ್ಗುವುದೂ ಇಲ್ಲ. ಹಾಗಾಗಿ ಕೊನೆಯ ದಾರಿಯೆಲ್ಲ ಈ ಸಣ್ಣ ಗಾಡಿಗಳದೇ.

ಮುಂಬೈಯವರು ಇವೆಲ್ಲವನ್ನೂ ಟೆಂಪೊ ಅನ್ನುತ್ತಾರೆ. 1958ರಲ್ಲಿ ಶುರುವಾದ ಬಜಾಜ್ ಟೆಂಪೊ ಕಂಪನಿ ಜರ್ಮನಿಯ ಟೆಂಪೊ ವಿನ್ಯಾಸದ ಮೂರು ಗಾಲಿಯ ಗಾಡಿಗಳನ್ನು ಮಾಡುತ್ತಿತ್ತು. ಆ ಗಾಡಿ ಹೋಯಿತು, ಕಂಪನಿಯೂ ಹೆಸರು ಬದಲಿಸಿಕೊಂಡಿತು, ಬಾಯಿಮಾತು ಉಳಿಯಿತು. ಕಟ್ಟಿಗೆ ಮಾರುವ ಜಾಗಕ್ಕೂ ಹೀಗೆಯೇ ಹಲವು ಹೆಸರು. ಮರಾಠಿಯವರಿಗೆ ಅದು ವಖಾರ. ನಮ್ಮ ವಿಜಯಪುರ, ಕಲಬುರಗಿಯವರಿಗೆ ಕಟ್ಟಿಗೆ ಅಡ್ಡೆ, ಬೆಂಗಳೂರು ಮೈಸೂರಿನವರಿಗೆ ಸೌದೆ ಡಿಪೊ. ತುಳುವರ ಬಾಯಲ್ಲಿ ಕಟ್ಟಿಗೆಯೇ ಕಣಕ್. ಒಂದೇ ಗಾಡಿಯ ಸುತ್ತ ನಿಂತ ಮೂವರು ಮೂರು ಶಬ್ದ ಬಳಸುವುದನ್ನು ನಾನು ಅಲ್ಲಿ ಕೇಳಿದೆ. ಯಾರಿಗೂ ಅರ್ಥ ತಪ್ಪಲಿಲ್ಲ.

ಬರುವ ಕಟ್ಟಿಗೆ ಒಂದೇ ತರದ್ದಲ್ಲ. ಠಾಣೆ, ಪಾಲ್ಘರ್, ರಾಯಗಡ ಜಿಲ್ಲೆಗಳಿಂದ ಬರುವುದು ಮಾವು, ಜಾಲಿ, ಸುಬಾಬುಲ್ ಮರಗಳ ಸೀಳು. ಮಳೆಗಾಲಕ್ಕೆ ಮುಂಚೆ ಊರೊಳಗೆ ಸವರಿದ ಕೊಂಬೆಗಳದ್ದು ಎರಡನೆಯ ಬಗೆ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಬೀಸಿದಾಗ ಅಂಥ ಮರ ಬೀದಿ ಬೀದಿಯಲ್ಲಿ ಬಿದ್ದಿತ್ತು. ಮೂರನೆಯದು ಕೆಡವಿದ ಕಟ್ಟಡಗಳ ಮರ: ಬಾಗಿಲ ಚೌಕಟ್ಟು, ತೊಲೆಯ ತುಂಡು, ಮುರಿದ ಪೀಠೋಪಕರಣ. ಇದರ ಬೆಲೆ ಸೀಳು ಕಟ್ಟಿಗೆಯ ಅರ್ಧಕ್ಕಿಂತ ಕಡಿಮೆ. ಬೇಕರಿಗಳಿಗೆ ಇದರ ಮೇಲೆ ಒಲವು ಇರುವುದು ಆ ಕಾರಣಕ್ಕೇ. ಬಣ್ಣ, ಪಾಲಿಶು, ಪ್ಲೈವುಡ್ಡಿನ ಅಂಟು ಸೇರಿ ಉರಿದಾಗ ಹೊರಬರುವ ಹೊಗೆಯನ್ನು ಮೊದಲು ಕುಡಿಯುವವರು ಭಟ್ಟಿಯ ಮುಂದೆ ನಿಂತ ಹುಡುಗರು. ಚಾಲಕರಿಗೆ ಅದರ ತೊಂದರೆ ಬೇರೆ. ಹಳೆಯ ಮರದ ತುಂಬ ಮೊಳೆ. ಇಳಿಸಿದ ಜಾಗದಲ್ಲೇ ಟೈರು ಪಂಚರ್ ಆಗುತ್ತದೆ.

ಇನ್ನು ತುಂಬುವ ಕೆಲಸ. ಕೆಳಗಿಂದ ಎತ್ತಿ ಮೇಲೆ ಹಾಕಿದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಇಂಡಿ ಕಡೆಯವರಾದ, ಐವತ್ತು ದಾಟಿದ ಒಬ್ಬ ಚಾಲಕರು ಗಾಡಿಯ ಪಕ್ಕಕ್ಕೆ ಕರೆದು ತೋರಿಸಿದರು. ಮೊದಲು ಬೊಡ್ಡೆಗಳು. ಇದ್ದುದರಲ್ಲೇ ದಪ್ಪ ತುಂಡುಗಳನ್ನು ಹಿಂದಿನ ಗಾಲಿಯ ನೆತ್ತಿಗಿಂತ ತುಸು ಮುಂದಕ್ಕೆ ಮಲಗಿಸಬೇಕು. ಭಾರ ಗಾಲಿಯಿಂದ ಹಿಂದಕ್ಕೆ ಹೋಯಿತೋ, ಗಾಡಿಯ ಮೂತಿ ಎದ್ದು ನಿಲ್ಲುತ್ತದೆ. “ಮುಂದಿನ ಗಾಲಿ ಹಗುರಾತಂದ್ರ ಸ್ಟೇರಿಂಗ್ ನಿಮ್ಮ ಕೈಯಾಗ ಇರೂದಿಲ್ಲ ನೋಡ್ರಿ, ಗಾಡಿ ತನ್ನ ಮನಸ್ಸಿಗೆ ಬಂದಂಗ ಹೋಗ್ತದ” ಅಂದರು. ಸೊಟ್ಟ ಕೊಂಬೆಗಳ ಬಾಗು ಒಳಮುಖವಾಗಿರಬೇಕು. ಒಂದು ಸೊಟ್ಟ ಇನ್ನೊಂದನ್ನು ಹಿಡಿದುಕೊಂಡರೆ ಬ್ರೇಕು ಹಾಕಿದಾಗ ಯಾವುದೂ ಜಾರುವುದಿಲ್ಲ. ನಡುವಿನ ಸಂದುಗಳಿಗೆ ಚಕ್ಕೆ ತುರುಕುತ್ತಾರೆ. ಹಗ್ಗವನ್ನು ಅಡ್ಡಡ್ಡ ಎಳೆದು, ನಡುವೆ ಮೊಳದುದ್ದದ ಕೋಲು ತೂರಿಸಿ, ತಿರುವಿ ತಿರುವಿ ಬಿಗಿ ಮಾಡುತ್ತಾರೆ. ಅಷ್ಟಕ್ಕೇ ಬಿಡುವಂತಿಲ್ಲ. ನಾಲ್ಕೈದು ಕಿಲೊಮೀಟರು ಹೋದ ಮೇಲೆ ಕುಲುಕಾಟಕ್ಕೆ ಕಟ್ಟಿಗೆ ಕೂತುಕೊಳ್ಳುತ್ತದೆ, ಹಗ್ಗ ಸಡಿಲಾಗುತ್ತದೆ. ಆಗ ಇಳಿದು ಆ ಕೋಲನ್ನು ಇನ್ನೆರಡು ಸುತ್ತು ತಿರುವಬೇಕು.

ಕೊನೆಗೆ ಅವರು ಕುಕ್ಕರಗಾಲಲ್ಲಿ ಕೂತು ಗಾಡಿಯ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದರು. ಹಿಂದಿನ ಅಚ್ಚಿನ ಮೇಲೆ ಉಕ್ಕಿನ ಪಾಟಾಗಳು ಒಂದರ ಮೇಲೊಂದು. ಭಾರ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ಪಾಟಾ ಬೇರೆಯಾಗಿರುತ್ತದೆ. ಎರಡರ ನಡುವಿನ ಸಂದಿಗೆ ಬೆರಳು ತೂರಿಸಿ, “ಎರಡು ಬೆರಳು ಹೋದ್ರ ಖಾಲಿ. ಬೆರಳ ಹೋಗ್ಲಿಲ್ಲಂದ್ರ ಒಂದು ಟನ್ನಿನ ಮ್ಯಾಲ” ಎಂದರು. ಧರ್ಮಕಾಂಟಾದಲ್ಲಿ ತೂಗುವ ಮೊದಲೇ ಅವರಿಗೆ ತೂಕ ಗೊತ್ತಾಗಿರುತ್ತದೆ.

ನಾನು ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಗಾಡಿಯ ಹಿಂಭಾಗ ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲ. ಎರಡು ಅಡಿ ಎತ್ತರಕ್ಕೆ ಪೇರಿಸಿದರೆ ಸುಮಾರು ನೂರು ಘನ ಅಡಿ. ಅದರಲ್ಲಿ ಮೂರನೇ ಒಂದು ಪಾಲು ಬರಿ ಸಂದು. ಉಳಿದುದು ಹಸಿ ಜಾಲಿಯಾದರೆ ಒಂದು ಟನ್ 600 ಕಿಲೊ ದಾಟುತ್ತದೆ. ಅಂದರೆ ಪಕ್ಕದ ಹಲಗೆಯ ಮಟ್ಟಕ್ಕೆ ತುಂಬಿದಾಗಲೇ ದೊಡ್ಡ ಪಿಕ್‌ಅಪ್ಪಿನ ಮಿತಿ ಮುಟ್ಟಿರುತ್ತದೆ. ನಾವು ರಸ್ತೆಯಲ್ಲಿ ನೋಡುವ, ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿದ ಗಾಡಿಗಳು ಆ ಮಿತಿಯನ್ನು ಎಷ್ಟು ದಾಟಿವೆ ಎಂದು ಯಾರು ಬೇಕಾದರೂ ಊಹಿಸಬಹುದು. 2019ರ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚುವರಿ ಒಂದೊಂದು ಟನ್ನಿಗೆ ಮತ್ತೆ 2,000. ದಂಡ ಕಟ್ಟುವವರು ಬಹಳ ಸಲ ಚಾಲಕರೇ. ಇನ್ನಷ್ಟು ಹಾಕು ಎಂದವರು ಬೇರೆಯವರು. ಈ ಅನ್ಯಾಯದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಗಾಡಿ, ಹೊಸ ಗಾಡಿ ಎಂಬ ಚರ್ಚೆ ಅಲ್ಲಿ ಮುಗಿಯುವುದೇ ಇಲ್ಲ. ಹಳಬರ ಮೆಚ್ಚುಗೆ ಟಾಟಾ 407 ಮತ್ತು 207ಕ್ಕೆ. 1986ರಲ್ಲಿ ಬಂದ 407 ಪಿಕ್‌ಅಪ್ಪಿಗಿಂತ ದೊಡ್ಡದು, ಕಟ್ಟಿಗೆಯವರಿಗೆ ಅದೇ ಗುರು. 2005ರಲ್ಲಿ ಟಾಟಾ ಏಸ್ ಬಂದಾಗ ವ್ಯವಹಾರದ ಸ್ವರೂಪವೇ ಬದಲಾಯಿತು. ಎರಡು ಸಿಲಿಂಡರಿನ 702 ಸಿಸಿ ಎಂಜಿನ್, ಹದಿನಾರು ಅಶ್ವಶಕ್ತಿ, ಮುಕ್ಕಾಲು ಟನ್ ಭಾರ. ಛೋಟಾ ಹಾಥಿ ಎಂಬ ಅಡ್ಡಹೆಸರು ಅದಕ್ಕೆ ಸರಿಯಾಗಿ ಅಂಟಿಕೊಂಡಿತು. ಒಟ್ಟು ತೂಕ 3,000 ಕಿಲೊ ಮೀರದ ಸರಕು ಗಾಡಿಗೆ ಕಾನೂನಿನಲ್ಲಿ ಪರ್ಮಿಟ್ಟಿನ ಅಗತ್ಯವಿಲ್ಲ. ಬೇರೆಯವರ ಗಾಡಿಯಲ್ಲಿ ಹಮಾಲಿ ಮಾಡುತ್ತಿದ್ದವನು ಸಾಲ ತೆಗೆದು ಮಾಲೀಕನಾಗಬಹುದಾಯಿತು. ನಾನು ಮಾತಾಡಿಸಿದವರಲ್ಲಿ ಇಬ್ಬರು ಹಾಗೆ ಮೇಲೆ ಬಂದವರು. ಆದರೆ ಹಸಿ ಬೊಡ್ಡೆಗೆ ಏಸ್ ಸಾಲದು. ಅದಕ್ಕೆ ಬೊಲೆರೊ ಪಿಕ್‌ಅಪ್ಪೇ ಬೇಕು, ಈಚಿನವರು ಟಾಟಾ ಇಂಟ್ರಾ ತರುತ್ತಾರೆ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಗಾಡಿಯ ಒಳಗು ಬೇರೆಯಾಗಿದೆ. ಹಳೆಯ ಡೀಸೆಲ್ ಎಂಜಿನ್ ನಿಂತರೆ ಪಂಪಿನ ಗಾಳಿ ತೆಗೆದು, ಪಾನಾ ಹಿಡಿದು, ರಸ್ತೆ ಬದಿಯಲ್ಲೇ ಎಬ್ಬಿಸಬಹುದಿತ್ತು. ಹೊಸದರಲ್ಲಿ ಸೆನ್ಸರು ತಕರಾರು ಮಾಡಿದರೆ ದೀಪ ಹೊತ್ತಿ, ಎಂಜಿನ್ ತಾನಾಗಿ ಬಲ ತಗ್ಗಿಸಿಕೊಳ್ಳುತ್ತದೆ. ಕಂಪ್ಯೂಟರು ಜೋಡಿಸುವವರು ಬರುವ ತನಕ ಕಾಯಬೇಕು. ಮನೋರ್ ಕಡೆಯಿಂದ ಭಾರ ಹೊತ್ತು ಬಂದ ಗಾಡಿ ಘೋಡ್‌ಬಂದರ್ ರಸ್ತೆಯ ಗಾಯಮುಖ ಘಾಟಿನಲ್ಲಿ ಹಾಗೆ ನಿಂತರೆ ಹಿಂದೆ ಮೈಲುಗಟ್ಟಲೆ ವಾಹನ, ಮುಂದೆ ಪೊಲೀಸರು. ಆದರೂ ಹೊಸ ಗಾಡಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಪವರ್ ಸ್ಟೇರಿಂಗ್ ಬಂದ ಮೇಲೆ ಹೆಗಲ ನೋವು ಹೋಯಿತು ಎಂದು ಆ ಹಿರಿಯ ಚಾಲಕರೇ ಹೇಳಿದರು. ಹೊಗೆ ಕಡಿಮೆ, ಬ್ರೇಕು ನಂಬಬಹುದು. ಸಿಎನ್‌ಜಿ ಗಾಡಿಯ ಖರ್ಚೂ ಕಡಿಮೆ, ಸಿಲಿಂಡರಿನ ಭಾರವಷ್ಟು ಮಾತ್ರ ಕಟ್ಟಿಗೆ ಕಡಿಮೆ ಹಾಕಬೇಕು. ನನಗೆ ಕೇಳಿದರೆ ಹೊಸ ಗಾಡಿಯೇ ಮೇಲು. ಹಳೆಯದರ ಮೇಲಿನ ಪ್ರೀತಿ ನನಗೂ ಅರ್ಥವಾಗುತ್ತದೆ, ಆದರೆ ಆ ಕರಿ ಹೊಗೆಯನ್ನು ಉಸಿರಾಡಿದವರು ಅವರೇ.

ಈ ಕಸುಬಿಗೂ ಕನ್ನಡದವರಿಗೂ ನಂಟು ಇಂದಿನದಲ್ಲ. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಗ್ಯಾಸ್ ಬರುವ ಮೊದಲು ಊರಿಂದ ಬಂದ ಹುಡುಗನ ಮೊದಲ ಕೆಲಸಗಳಲ್ಲಿ ಕಟ್ಟಿಗೆ ಒಡೆದು ಒಲೆಗೆ ಹಾಕುವುದೂ ಒಂದು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ಆ ಪೀಳಿಗೆಯ ಅಂಗೈಯ ದಡ್ಡು ಅನೇಕರ ಮನೆಮಾತಿನಲ್ಲಿ ಇನ್ನೂ ಇದೆ. ಅವರ ಮಕ್ಕಳು ವಡಾಲದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆಯಲ್ಲಿ ಓದಿ ಕಚೇರಿ ಸೇರಿದರು. ಕಟ್ಟಿಗೆ ಮಾತ್ರ ಉತ್ತರ ಕರ್ನಾಟಕದಿಂದ ಆಮೇಲೆ ಬಂದವರ ಕೈಗೆ ದಾಟಿತು.

ಈಗ ಅದೂ ಅಲುಗಾಡುತ್ತಿದೆ. ಮುಂಬೈಯ ಹದಗೆಟ್ಟ ಗಾಳಿಯ ಕುರಿತು ತಾನೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಆದೇಶ ಮಾಡಿತು. ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿಗಳು ಒಂದು ವರ್ಷದ ಬದಲು ಆರೇ ತಿಂಗಳಲ್ಲಿ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕು ಎಂದಿತು. ಪಾಲಿಕೆ ನೋಟಿಸುಗಳನ್ನು ಕೊಟ್ಟಿತು. ಬೇಕರಿ ಮಾಲೀಕರು ಕಷ್ಟ ಹೇಳಿಕೊಂಡರು. ಇಟ್ಟಿಗೆಯ ಕಮಾನು ಭಟ್ಟಿ ಒಡೆದು ಹೊಸದು ಹಾಕಲು ಹಣ ಬೇಕು, ಜಾಗ ಬೇಕು, ಪಾವಿನ ಬೆಲೆ ಏರುತ್ತದೆ, ರುಚಿ ಬದಲಾಗುತ್ತದೆ ಎಂದು. ಆ ಮಾತುಗಳು ಪತ್ರಿಕೆಗಳಲ್ಲಿ ಬಂದವು, ಬರಲೇಬೇಕಿತ್ತು. ಪಾವು ತಿನ್ನುವವರ ಅಭಿಪ್ರಾಯವೂ ಬಂತು. ಕಟ್ಟಿಗೆ ಹೊತ್ತು ತರುತ್ತಿದ್ದ ಗಾಡಿಗಳ ಸುದ್ದಿ ನಾನು ಓದಿದ ಯಾವುದರಲ್ಲೂ ಇರಲಿಲ್ಲ. ಆದೇಶ ಸರಿಯಾದದ್ದೇ. ಈ ಊರಿನಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಅದರಲ್ಲಿ ಎರಡು ಮಾತಿರದು. ಆದರೆ ಭಟ್ಟಿ ಬದಲಿಸುವವನಿಗೆ ಗಡುವು ಕೊಟ್ಟಂತೆ, ಕಂತು ಕಟ್ಟುತ್ತಿರುವ ಪಿಕ್‌ಅಪ್ಪಿನವನಿಗೆ ಯಾರಾದರೂ ಒಂದು ಮಾತು ಮುಂಚೆ ಹೇಳಬಹುದಿತ್ತು. ಕೆಲವರು ಈಗಾಗಲೇ ಪೈಪು, ಮರಳು, ಮನೆ ಸಾಮಾನು ಸಾಗಿಸತೊಡಗಿದ್ದಾರೆ.

ಸಂಜೆ ಆ ಹಿರಿಯರ ಗಾಡಿಯಲ್ಲೇ ಕೂತು ಸ್ಮಶಾನದವರೆಗೆ ಹೋದೆ. ಒಳಗೆ ಒಂದು ಚಿತೆ ಆಗಲೇ ಅರ್ಧ ಉರಿದಿತ್ತು. ಹಮಾಲರು ಇಬ್ಬರು ಹಲಗೆ ಬಿಚ್ಚಿ ಇಳಿಸತೊಡಗಿದರು. ಚಾಲಕರು ದೂರ ನಿಲ್ಲಲಿಲ್ಲ. ನೆಟ್ಟಗಿನ ದಪ್ಪ ತುಂಡುಗಳನ್ನು ತಾವೇ ಆರಿಸಿ ಒಂದು ಕಡೆ ಒಟ್ಟುತ್ತಿದ್ದರು. ಯಾಕೆ ಎಂದು ಕೇಳಿದೆ. “ತಳಕ್ಕ ಸೊಟ್ಟ ಕಟ್ಟಿಗಿ ಹಾಕಿದ್ರ ನಡು ಉರಿಯೂಮುಂದ ಕುಸೀತದರಿ. ಮನಿಯವ್ರು ನೋಡ್ಕೋತ ನಿಂತಿರ್ತಾರ” ಅಂದರು.

ಅರ್ಧ ತಾಸಿನಲ್ಲಿ ಗಾಡಿ ಖಾಲಿಯಾಯಿತು. ಹಿಂಭಾಗ ಗೇಣುದ್ದ ಮೇಲೆದ್ದಿತ್ತು. ಅವರು ಪೊರಕೆ ತಗೊಂಡು ಮೂಲೆಯಲ್ಲಿದ್ದ ತೊಗಟೆ, ಚಕ್ಕೆಯನ್ನೆಲ್ಲ ಗುಡಿಸಿ ಗೋಣಿಚೀಲಕ್ಕೆ ತುಂಬಿದರು. ಬೆಳಗ್ಗೆ ಮನೆಯಲ್ಲಿ ಸ್ನಾನದ ನೀರು ಕಾಯಿಸಲಿಕ್ಕೆ ಅಂತೆ. ಹೊರಡುವ ಮುಂಚೆ ಅಭ್ಯಾಸಬಲದಿಂದ ಬಗ್ಗಿ ಪಾಟಾದ ಸಂದಿಗೆ ಬೆರಳಿಟ್ಟರು. ಎರಡು ಬೆರಳು ಸಲೀಸಾಗಿ ಹೋದವು.