ಹೊಗೆಯಾಗಿ ಹೋಗುವ ಸೌದೆ

ಒಲೆಗೆ ಹೊಸದಾಗಿ ಇಟ್ಟ ಸೌದೆಯನ್ನು ಸ್ವಲ್ಪ ಹೊತ್ತು ನೋಡುತ್ತ ಕುಳಿತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಜ್ವಾಲೆ ಮರಕ್ಕೆ ಅಂಟಿಕೊಂಡಿರುವುದಿಲ್ಲ, ಅದರಿಂದ ತುಸು ದೂರದಲ್ಲಿ ಆಡುತ್ತಿರುತ್ತದೆ. ಮರ ಮರವಾಗಿಯೇ ಉರಿಯುವುದಿಲ್ಲ. ಬಿಸಿಗೆ ಅದು ಬಿಡುವ ಅನಿಲ ಉರಿಯುತ್ತದೆ.

ಮೊದಲು ತುದಿಯಲ್ಲಿ ನೊರೆ, ಚುಯ್ ಎಂಬ ಸದ್ದು. ಒಳಗಿನ ನೀರು ಆರುವ ತನಕ ಆ ಭಾಗದ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಆಮೇಲೆ 200 ದಾಟಿ 300ರತ್ತ ಏರುವಾಗ ಮರದ ಸೆಲ್ಯುಲೋಸ್, ಲಿಗ್ನಿನ್ ಮುರಿದು, ಉರಿಯಬಲ್ಲ ಅನಿಲಗಳೂ ಟಾರಿನ ಆವಿಯೂ ಹೊರಬರುತ್ತವೆ. ಒಣ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೀಗೆ ಮೇಲೇಳುವಂಥದ್ದು. ಸಾಕಷ್ಟು ಬಿಸಿಯಿದ್ದು ಆಮ್ಲಜನಕವೂ ಸಿಕ್ಕರೆ ಅದು ಜ್ವಾಲೆ. ಎರಡರಲ್ಲೊಂದು ತಪ್ಪಿದರೆ ಹೊಗೆ. ಉಳಿದದ್ದು ಇದ್ದಿಲು, ಬಹುಪಾಲು ಇಂಗಾಲ. ಅದು ಆವಿಯಾಗದ್ದರಿಂದ ಮೈಮೇಲಷ್ಟೇ ಉರಿದು ಕೆಂಡವಾಗುತ್ತದೆ. ಹಪ್ಪಳ ಸುಡುವವರು ಉರಿ ಇಳಿಯುವ ತನಕ ಕಾಯುವುದು ಸುಮ್ಮನೆ ಅಲ್ಲ. ಕೆಂಡದಲ್ಲಿ ಮಸಿ ಹಿಡಿಸುವ ಆವಿಯೇ ಉಳಿದಿರುವುದಿಲ್ಲ.

ಮೇಣದ ಬತ್ತಿಯಲ್ಲೂ ಇದೇ ಕತೆ. ಬತ್ತಿಯನ್ನು ಊದಿ ಆರಿಸಿದ ಕೂಡಲೇ ಮೇಲೇಳುವ ಬಿಳಿ ಎಳೆಗೆ ಉರಿಯುವ ಕಡ್ಡಿ ಹಿಡಿಯಿರಿ, ಬೆಂಕಿ ಎಳೆಯುದ್ದಕ್ಕೂ ಇಳಿದು ಬತ್ತಿಯನ್ನು ಹಿಡಿಯುತ್ತದೆ. ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1860ರ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಉಪನ್ಯಾಸ ಕೊಟ್ಟಾಗ ತೋರಿಸಿದ ಪ್ರಯೋಗವಿದು. ಮನೆಯಲ್ಲಿ ಮಕ್ಕಳಿದ್ದರೆ ಜೊತೆಗೆ ಕೂತು ತೋರಿಸಿ.

ಹಸಿ ಸೌದೆಯಿಂದ ನಷ್ಟ ಎಲ್ಲರಿಗೂ ಗೊತ್ತು. ಎಲ್ಲಿ ನಷ್ಟ ಎಂಬುದರಲ್ಲಿ ನಮ್ಮ ಎಣಿಕೆ ತಪ್ಪುತ್ತದೆ. ಆಗತಾನೆ ಕಡಿದ ಮರದಲ್ಲಿ ಸುಮಾರು ಅರ್ಧ ತೂಕ ನೀರೇ. ಎರಡು ಕಿಲೋ ಹಸಿ ಸೌದೆಯಲ್ಲಿರುವ ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 2.6 ಮೆಗಾಜೂಲ್ ಬೇಕು. ಉಳಿದ ಒಂದು ಕಿಲೋ ಒಣ ಪದಾರ್ಥ ಪೂರ್ತಿ ಉರಿದರೆ ಕೊಡುವುದು ಸುಮಾರು 18. ಅಂದರೆ ನೀರು ನೇರವಾಗಿ ತಿನ್ನುವುದು ಏಳರಲ್ಲೊಂದು ಪಾಲು, ಅಷ್ಟೇ. ದೊಡ್ಡ ಹೊಡೆತ ಬೇರೆ ಕಡೆ ಬೀಳುತ್ತದೆ: ಆವಿಯಿಂದ ಒಲೆ ತಣ್ಣಗಾಗಿ, ಅನಿಲಗಳು ಉರಿಯುವ ಮೊದಲೇ ಹೊಗೆಯಾಗಿ ಜಾರಿಹೋಗುತ್ತವೆ. ಹೆಂಚಿನ ಕೆಳಗೆ ಜೋತಾಡುವ ಇಲ್ಲಣವೆಲ್ಲ ಹಾಗೆ ಉರಿಯದೆ ಹೋದ ಸೌದೆಯೇ.

ಅರೆಬರೆ ಉರಿಯುವುದು ಎಷ್ಟು ದುಬಾರಿ ಎನ್ನುವುದಕ್ಕೆ ಇಂಗಾಲದ ಲೆಕ್ಕವೊಂದೇ ಸಾಕು. ಒಂದು ಕಿಲೋ ಇಂಗಾಲ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆದರೆ ಸುಮಾರು 33 ಮೆಗಾಜೂಲ್ ಶಾಖ. ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಆಗಿ ನಿಂತುಬಿಟ್ಟರೆ ಬರೀ 9. ಊದುಗೊಳವೆ ಹಿಡಿದವರು ತುಂಬಿಸುತ್ತಿದ್ದದ್ದು ಈ ಕೊರತೆಯನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ಮುಂದೆ ರೂಪಿಸಿದ ಅಸ್ತ್ರ ಒಲೆ ಅದೇ ಕೆಲಸವನ್ನು ರಚನೆಯಲ್ಲೇ ಅಳವಡಿಸಿತು: ಸೌದೆಗೆ ಜಾಲರಿ, ಕೆಳಗಿನಿಂದ ಗಾಳಿ, ಸುತ್ತ ಮುಚ್ಚಿದ ಗೂಡು, ಕೊನೆಯಲ್ಲಿ ಗಾಳಿ ಎಳೆಯುವ ಹೊಗೆಕೊಳವೆ. ನನ್ನ ಮಟ್ಟಿಗೆ ನಮ್ಮ ನಾಡಿನ ವಿಜ್ಞಾನ ಹಳ್ಳಿಗೆ ಕೊಟ್ಟ ಒಳ್ಳೆಯ ಕಾಣಿಕೆಗಳಲ್ಲಿ ಅದೂ ಒಂದು.

ಸಿಲಿಂಡರಿನ ಎಲ್‌ಪಿಜಿ ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ. ಆಗಲೇ ಅನಿಲವಾಗಿ ಬರುವುದರಿಂದ ಅರ್ಧ ಕೆಲಸ ಮುಗಿದಂತೆ. ಒಂದು ಕಿಲೋ ಉರಿಯಲು ಸುಮಾರು 15.5 ಕಿಲೋ ಗಾಳಿ ಬೇಕು. 14.2 ಕಿಲೋ ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಸುಮಾರು 43 ಕಿಲೋ ಕಾರ್ಬನ್ ಡೈಆಕ್ಸೈಡ್ ಮತ್ತು 22 ಲೀಟರಿಗೂ ಮಿಕ್ಕಿದ ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಬೆಂಕಿಯಿಂದ ನೀರು! ಅನಿಲದ ಹೈಡ್ರೋಜನ್ ಗಾಳಿಯ ಆಮ್ಲಜನಕ ಕೂಡಿ ಆದದ್ದು ಅದು. ತಣ್ಣನೆಯ ಪಾತ್ರೆಯನ್ನು ಉರಿಯ ಮೇಲಿಟ್ಟ ಕ್ಷಣ ಹೊರಮೈ ಬೆವರುವುದೂ ಅದರಿಂದಲೇ.

ಉರಿ ನೀಲಿಯಾಗಿದ್ದರೆ ಗ್ಯಾಸು ಬರ್ನರ್ ಮುಟ್ಟುವ ಮೊದಲೇ ಗಾಳಿಯ ಜೊತೆ ಚೆನ್ನಾಗಿ ಬೆರೆತಿದೆ ಎಂದರ್ಥ. ಹಳದಿಯಾಗಿದ್ದರೆ ಉರಿಯದ ಇಂಗಾಲದ ಕಣಗಳು ಕಾದು ಹೊಳೆಯುತ್ತಿವೆ. ಅವೇ ಪಾತ್ರೆಯ ತಳಕ್ಕೆ ಮಸಿ. ಬರ್ನರಿನ ತೂತುಗಳನ್ನು ಸೂಜಿಯಿಂದ ಬಿಡಿಸಿ, ತೊಳೆದು, ಪೂರ್ತಿ ಒಣಗಿಸಿ ಇಡಿ. ಆದರೂ ಹಳದಿ ಹೋಗದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ. ಸಾರು ಉಕ್ಕಿ ಚೆಲ್ಲಿದಾಗಲೂ ಉರಿ ಹಳದಿಯಾಗುವುದುಂಟು. ಅದು ಉಪ್ಪಿನ ಸೋಡಿಯಂ ಬಣ್ಣ. ಕ್ಷಣದಲ್ಲಿ ಮಾಯ, ಮಸಿಯೂ ಇಲ್ಲ.

ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ಸೋರಿದರೆ ತಿಳಿಯಲೆಂದು ಎಥಿಲ್ ಮರ್ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಗಾಳಿಯಲ್ಲಿ ಶೇಕಡ 2ರಷ್ಟು ಸೇರಿದರೂ ಹೊತ್ತಿಕೊಳ್ಳಬಲ್ಲ ಅನಿಲವಿದು, ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ ಬಾಗಿಲು ತೆರೆಯಿರಿ.

ಕಾರ್ಬನ್ ಮೊನಾಕ್ಸೈಡ್‌ಗೆ ಇಂಥ ಸೂಚನೆ ಏನೂ ಇಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮುಚ್ಚಿದ ಪುಟ್ಟ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಅಲ್ಲಿನ ಆಮ್ಲಜನಕ ಬೇಗ ಇಳಿದು, ಅರೆಬರೆ ಉರಿ ಶುರುವಾಗುತ್ತದೆ. ಸ್ನಾನಕ್ಕೆ ಹೋದವರು ತಲೆಸುತ್ತು ಬಂತೆಂದು ತಿಳಿಯುವ ಮೊದಲೇ ಕುಸಿಯುವುದು ಹೀಗೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಈಗಾಗಲೇ ಒಳಗಿದ್ದರೆ, ಹೊರಗೆ ಸಾಗಿಸುವ ತನಕ, ಬಾಗಿಲು ತೆರೆದಿಟ್ಟೇ ಬಕೆಟ್ ತುಂಬಿಸಿ, ಗೀಸರ್ ಆರಿಸಿದ ಮೇಲಷ್ಟೇ ಸ್ನಾನಕ್ಕೆ ಹೋಗಿ.