ಬೊಲೊನ್ಯಾದ ಬೀದಿಯಲ್ಲಿ ರುಚಿ ಮತ್ತು ಸತ್ಕಾರ

ಉತ್ತರ ಇಟಲಿಯ ಬೊಲೊನ್ಯಾ ನಗರಕ್ಕೆ ಅಲ್ಲಿನ ಜನರು ಮೂರು ವಿಶೇಷಣಗಳನ್ನು ಕೊಟ್ಟಿದ್ದಾರೆ: ವಿದ್ಯಾವತಿ, ಪುಷ್ಟೆ, ಕೆಂಪಿನವಳು. 1088ರಲ್ಲಿ ಆರಂಭವಾಯಿತೆಂದು ಎಣಿಸಲಾಗುವ ವಿಶ್ವವಿದ್ಯಾಲಯದಿಂದಾಗಿ ಮೊದಲ ಹೆಸರು ಬಂದಿತು. ಇಟ್ಟಿಗೆಯ ಗೋಡೆ, ಹಂಚಿನ ಮಾಡುಗಳಿಂದ ಮೂರನೆಯದು. ನಗರದ ರಾಜಕೀಯದ ಬಣ್ಣವೂ ಅದಕ್ಕೆ ಜೊತೆಯಾಯಿತು. ನಡುವಿನ ಹೆಸರು ಊಟದಿಂದ ಬಂದುದು. ಇದನ್ನು ನಾಲಗೆಯಿಂದಲೇ ಅರಿಯಲೆಂದು ಪ್ರವಾಸಿಗರು ಮಾರ್ಗದರ್ಶಕರೊಬ್ಬರ ಹಿಂದೆ ಮೂರು ನಾಲ್ಕು ಗಂಟೆ ಬೀದಿ ಬೀದಿ ನಡೆದು, ಅಂಗಡಿಯಿಂದ ಅಂಗಡಿಗೆ ರುಚಿ ನೋಡುತ್ತ, ನಡುನಡುವೆ ದೇವಾಲಯ ಗೋಪುರಗಳನ್ನೂ ಕಾಣುತ್ತ ಹೋಗುವ ಪದ್ಧತಿಯಿದೆ. ಅಂತಹ ನಡಿಗೆಯೊಂದರಲ್ಲಿ ನಾವೂ ಸೇರಿದ್ದೆವು. ಗುರುಗಳಿಗೆ ಇದೇಕೆ ಎಂದು ಕೇಳುವ ವಾಚಕರಿಗೆ ನಮ್ಮ ಉತ್ತರ ಇಷ್ಟೆ: ಊಟದ ಪ್ರಸಂಗಗಳನ್ನೆಲ್ಲ ಬಿಟ್ಟು ಶುಭಸಂದೇಶವನ್ನು ಓದಹೊರಟರೆ ಬಹಳ ಪುಟಗಳು ಉಳಿಯುವುದಿಲ್ಲ.

ನಡಿಗೆ ಆರಂಭವಾಗುವುದು ನಗರದ ಮಹಾಚೌಕದಲ್ಲಿ, ಪಾಲಕ ಸಂತ ಪೆತ್ರೋನಿಯುಸರ ಮಹಾದೇವಾಲಯದ ಎದುರು. 1390ರಲ್ಲಿ ಇದನ್ನು ಕಟ್ಟಲು ತೊಡಗಿದವರು ಧರ್ಮಾಧ್ಯಕ್ಷರಲ್ಲ, ನಗರದ ಪ್ರಜೆಗಳು. ಮುಂಭಾಗದ ಕೆಳ ಅರ್ಧಕ್ಕೆ ಅಮೃತಶಿಲೆಯ ಹೊದಿಕೆ. ಮೇಲರ್ಧದಲ್ಲಿ ಇಂದಿಗೂ ಬರಿಯ ಇಟ್ಟಿಗೆ. 1929ರವರೆಗೆ ಅದು ನಗರದ ಸ್ವತ್ತಾಗಿಯೇ ಇತ್ತು. ಒಳಗೆ ನೆಲದ ಮೇಲೆ ಖಗೋಳಜ್ಞ ಕಸ್ಸೀನಿ 1655ರಲ್ಲಿ ಎಳೆದ, ಸುಮಾರು 67 ಮೀಟರ್ ಉದ್ದದ ಮಧ್ಯಾಹ್ನ ರೇಖೆಯಿದೆ. ಮಾಡಿನ ರಂಧ್ರದಿಂದ ಇಳಿದ ಬಿಸಿಲಿನ ಬೊಟ್ಟು ವರ್ಷವಿಡೀ ಅದರ ಮೇಲೆ ಹಿಂದು ಮುಂದು ಸರಿಯುತ್ತದೆ. ನಮ್ಮ ಗುಂಪಿನ ಹಲವರಿಗೆ ಹಸಿವಾಗಿತ್ತು. ರೇಖೆಯನ್ನು ಬೇಗನೆ ದಾಟಿದೆವು.

ಚೌಕದ ಮಗ್ಗುಲಲ್ಲೇ ಹಳೆಯ ಪೇಟೆ. ಬೀದಿಗಳ ಹೆಸರುಗಳೇ ಅದರ ಚರಿತ್ರೆಯನ್ನು ಹೇಳುತ್ತವೆ: ಹಳೆಯ ಮೀನುಪೇಟೆ, ಜವಳಿಯವರ ಬೀದಿ, ಅಕ್ಕಸಾಲಿಗರ ಬೀದಿ, ಬೀಗ ಮಾಡುವವರ ಬೀದಿ. ಇಂದು ಹೆಚ್ಚಿನವು ತಿನಿಸಿನ ಅಂಗಡಿಗಳೇ. ಮೊದಲು ನಮ್ಮ ಕೈಗೆ ಬಂದುದು ಮೊರ್ತದೆಲ್ಲಾ. ಹಂದಿಯ ಮಾಂಸವನ್ನು ನುಣ್ಣಗೆ ಅರೆದು, ಕೊಬ್ಬಿನ ತುಣುಕುಗಳನ್ನು ಸೇರಿಸಿ, ದೊಡ್ಡ ದಿಂಡಾಗಿ ಕಟ್ಟಿ, ಬಿಸಿಗಾಳಿಯ ಒಲೆಯಲ್ಲಿ ನಿಧಾನವಾಗಿ ಬೇಯಿಸಿದ್ದು. ಕಾಗದದಷ್ಟು ತೆಳುವಾಗಿ ಕೊಯ್ದು ಕೊಡುತ್ತಾರೆ. ಬೊಲೊನ್ಯಾ ಆಗ ಪೋಪರ ಆಳ್ವಿಕೆಗೆ ಸೇರಿತ್ತು. 1661ರಲ್ಲಿ ಕಾರ್ಡಿನಲ್ ಫರ್ನೇಸೆಯವರು ಇದರ ತಯಾರಿಕೆಗೆ ನಿಯಮ ವಿಧಿಸಿ ಶಾಸನವನ್ನೇ ಹೊರಡಿಸಿದರು. ಕಲಬೆರಕೆಯ ವಿರುದ್ಧ ಕಾರ್ಡಿನಲರೊಬ್ಬರು ಅಷ್ಟು ಮುತುವರ್ಜಿ ವಹಿಸಿದುದು ನಮಗೆ ಮೆಚ್ಚುಗೆಯಾಯಿತು.

ಗುಂಪಿನಲ್ಲಿ ಹುಬ್ಬಳ್ಳಿಯ ದಂಪತಿಗಳಿದ್ದರು. ವಿದೇಶದಲ್ಲಿ ಓದುವ ಮಗನನ್ನು ನೋಡಲು ಬಂದವರು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಮೊರ್ತದೆಲ್ಲಾ ಬಂದಾಗ ಅವರು ನಗುತ್ತ ಹಿಂದೆ ಸರಿದರು. ಮುಂದಿನ ಅಂಗಡಿಯಲ್ಲಿ ಪಾರ್ಮಿಜಾನೊ ಗಿಣ್ಣು. ಕನಿಷ್ಠ 12 ತಿಂಗಳು, ಕೆಲವೊಮ್ಮೆ ಅದರ ಎರಡು ಮೂರು ಪಟ್ಟು ಕಾಲ ಹಣ್ಣಾದ ಈ ಗಿಣ್ಣಿನ ಮೂಲ ಮಧ್ಯಯುಗದ ಸನ್ಯಾಸಿ ಮಠಗಳಲ್ಲಿದೆ. ಹಾಲಿನದಲ್ಲವೇ ಎಂದು ಗಂಡ ತುಂಡನ್ನು ಎತ್ತಿಕೊಂಡರು. ಹೆಂಡತಿ ನಮ್ಮತ್ತ ತಿರುಗಿ, “ಫಾದರ್, ಇದರಾಗ ಏನೇನ್ ಹಾಕ್ಯಾರ, ಒಂದೀಟು ಕೇಳಿ ಹೇಳ್ರಿ” ಎಂದರು. ಕೇಳಿದೆವು. ಮಾರ್ಗದರ್ಶಕಿ ಮುಚ್ಚುಮರೆಯಿಲ್ಲದೆ ಉತ್ತರಿಸಿದಳು: ಹಾಲನ್ನು ಒಡೆಯಿಸುವ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದುದು, ಈ ಗಿಣ್ಣಿಗೆ ಬೇರೆ ಹೆಪ್ಪನ್ನು ನಿಯಮ ಒಪ್ಪುವುದಿಲ್ಲ. ಆ ತಾಯಿ ತುಂಡನ್ನು ಮೆಲ್ಲನೆ ತಟ್ಟೆಗೆ ಮರಳಿಸಿದರು. ಹಣ ತೆತ್ತು ಬಂದವರು ಬರಿಗೈಯಲ್ಲಿ ನಿಂತರಲ್ಲ ಎಂದು ನಮಗೆ ಕಸಿವಿಸಿ. ಮಾರ್ಗದರ್ಶಕಿ ಅಂಗಡಿಯವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಪೇರು ಹಣ್ಣನ್ನು ಹೋಳು ಮಾಡಿ, ಪುಟ್ಟ ಶೀಸೆಯಿಂದ ಒಂದೊಂದು ಹನಿ ಕಪ್ಪು ದ್ರವವನ್ನು ತೊಟ್ಟಿಕ್ಕಿಸಿ ಮೊದಲು ಅವರಿಗೇ ನೀಡಿದನು. ಅದು ನೆರೆಯ ಮೊದೆನಾದ ಸಾಂಪ್ರದಾಯಿಕ ಬಾಲ್ಸಾಮಿಕ್ ಹುಳಿ. ದ್ರಾಕ್ಷಿಯ ರಸವನ್ನು ಕಾಯಿಸಿ ಇಳಿಸಿ, ಬಗೆಬಗೆಯ ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಇಟ್ಟುದು. ದ್ರಾಕ್ಷಿಯ ಹೊರತು ಮತ್ತೇನೂ ಇಲ್ಲ. ಅಂಗಡಿಯಲ್ಲಿ ಅದಕ್ಕಿಂತ ಬೆಲೆಬಾಳುವ ವಸ್ತು ಇರಲಿಲ್ಲವೆಂದು ನಮ್ಮ ಭಾವನೆ.

ಅದೇ ಪೇಟೆಯ ನಡುವೆ, ತೂಗಿದ ತೊಡೆಮಾಂಸಗಳಿಂದ ಕೆಲವೇ ಹೆಜ್ಜೆ ದೂರದಲ್ಲಿ, ‘ಜೀವದ ಮಾತೆ’ ಎಂದು ಕರೆಯಬಹುದಾದ ಸಾಂತಾ ಮರಿಯಾ ದೆಲ್ಲಾ ವೀತಾ ದೇವಾಲಯವಿದೆ. 13ನೇ ಶತಮಾನದಲ್ಲಿ ಇಲ್ಲಿ ಒಂದು ಭ್ರಾತೃಸಂಘವು ರೋಗಿಗಳಿಗೂ ಯಾತ್ರಿಕರಿಗೂ ಆಸ್ಪತ್ರೆ ತೆರೆಯಿತು. ಆಸ್ಪತ್ರೆ ಈಗ ಅಲ್ಲಿಲ್ಲ. ನಿಕ್ಕೊಲೊ ದೆಲ್ಲಾರ್ಕಾ 15ನೇ ಶತಮಾನದಲ್ಲಿ ಸುಟ್ಟ ಮಣ್ಣಿನಲ್ಲಿ ರಚಿಸಿದ ಪ್ರತಿಮೆಗಳಿವೆ. ಮಲಗಿದ ಕ್ರಿಸ್ತರ ಮೃತದೇಹದ ಸುತ್ತ ಆರು ಮಂದಿ. ಅವರಲ್ಲಿ ಮಗ್ದಲದ ಮರಿಯಳು ಗಾಳಿಗೆ ಹಾರುವ ಬಟ್ಟೆಯೊಡನೆ, ಬಾಯ್ದೆರೆದು ಚೀರುತ್ತ ಓಡಿ ಬರುತ್ತಾಳೆ. ಬಾಯಲ್ಲಿ ಇನ್ನೂ ರುಚಿ ಉಳಿದಿದ್ದ ನಾವೆಲ್ಲರೂ ಸದ್ದಿಲ್ಲದೆ ನಿಂತೆವು. ಮಾರ್ಗದರ್ಶಕಿಯೂ ವಿವರಣೆ ನೀಡಲಿಲ್ಲ. ಅದು ಅವಳ ವಿವೇಕ.

ಇನ್ನು ಊರಿನ ಹೆಮ್ಮೆಯಾದ ತೋರ್ತೆಲ್ಲೀನಿ. ಮೊಟ್ಟೆ ಹಾಕಿ ನಾದಿದ ಹಿಟ್ಟನ್ನು ಹೆಂಗಸರು ಉದ್ದನೆಯ ಲಟ್ಟಣಿಗೆಯಿಂದ ಹಾಳೆಯಂತೆ ಲಟ್ಟಿಸಿ, ಪುಟ್ಟ ಚೌಕಗಳಾಗಿ ಕೊಯ್ದು, ಕಡಲೆಗಾತ್ರದ ಹೂರಣವಿಟ್ಟು, ಮಡಚಿ, ಬೆರಳಿಗೆ ಸುತ್ತಿ ಉಂಗುರ ಮಾಡುತ್ತಾರೆ. ಹೂರಣವು ಹಂದಿಯ ಸೊಂಟದ ಮಾಂಸ, ಉಪ್ಪೂಡಿಸಿದ ತೊಡೆ, ಮೊರ್ತದೆಲ್ಲಾ, ಗಿಣ್ಣು, ಮೊಟ್ಟೆ, ಜಾಯಿಕಾಯಿ ಎಂದು 1974ರಲ್ಲಿ ನಗರದ ವಾಣಿಜ್ಯ ಮಂಡಲಿಯಲ್ಲಿ ಲಿಖಿತವಾಗಿ ದಾಖಲಿಸಿದ್ದಾರೆ.

2019ರಲ್ಲಿ ಈ ಪುಟ್ಟ ಉಂಗುರದ ಸುತ್ತ ದೇಶವೇ ವಾಗ್ವಾದಕ್ಕಿಳಿಯಿತು. ಅಕ್ಟೋಬರ್ 4 ಸಂತ ಪೆತ್ರೋನಿಯುಸರ ಹಬ್ಬ. ಅಂದು ಚೌಕದಲ್ಲಿ ಹಂಚುವ ಸಾಂಪ್ರದಾಯಿಕ ತೋರ್ತೆಲ್ಲೀನಿಯ ಜೊತೆಗೆ, ಹಂದಿ ಮಾಂಸ ಸೇವಿಸದವರೂ ಉಣ್ಣಲೆಂದು, ಕೋಳಿ ಮಾಂಸದ ಹೂರಣವಿರುವ ‘ಸ್ವಾಗತದ ತೋರ್ತೆಲ್ಲೀನಿ’ಯನ್ನೂ ಇಡುವುದೆಂದು ಹಬ್ಬದ ಸಮಿತಿ ಯೋಚಿಸಿತು. ಇದು ಮುಸ್ಲಿಮರಿಗೆ ಶರಣಾಗತಿ, ಪರಂಪರೆಗೆ ದ್ರೋಹ ಎಂದು ಕೂಗೆದ್ದಿತು; ಲೀಗ್ ಪಕ್ಷದ ನಾಯಕ ಮತ್ತೇಯೊ ಸಾಲ್ವೀನಿ ಕಟುವಾಗಿ ಟೀಕಿಸಿದರು. ಹಬ್ಬದ ಮರುದಿನವೇ ಕಾರ್ಡಿನಲ್ ಪದವಿಗೇರಲಿದ್ದ ಮಹಾಧರ್ಮಾಧ್ಯಕ್ಷ ಮತ್ತೇಯೊ ಜುಪ್ಪಿಯವರ ಹೆಸರನ್ನೂ ಎಳೆದು ತಂದರು. ಇದು ಅವರ ಆಜ್ಞೆಯಲ್ಲ, ಹಳೆಯ ತಿನಿಸೂ ಹಾಗೆಯೇ ಇರುತ್ತದೆ ಎಂದು ಮಹಾಧರ್ಮಕ್ಷೇತ್ರವು ಸ್ಪಷ್ಟನೆ ನೀಡಬೇಕಾಯಿತು.

ಗುರುಮಠದಲ್ಲಿ ಅರಿಸ್ಟಾಟಲನನ್ನೂ ಸಂತ ತೋಮಸ್ ಅಕ್ವಿನಾಸರನ್ನೂ ಓದಿದ ನಮಗೆ ಈ ಜಗಳ ಹಳೆಯ ಪಾಠವೊಂದನ್ನು ನೆನಪಿಗೆ ತಂದಿತು. ವಸ್ತುವಿನಲ್ಲಿ ಸಾರ ಯಾವುದು, ಬಂದು ಹೋಗುವ ಗುಣ ಯಾವುದು? ತೋರ್ತೆಲ್ಲೀನಿಯ ಸಾರ ಹೂರಣದಲ್ಲಿದೆಯೇ? ಪೆಲ್ಲೆಗ್ರೀನೊ ಅರ್ತೂಸಿ 1891ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪಾಕಗ್ರಂಥದ ಬೊಲೊನ್ಯಾ ಹೂರಣದಲ್ಲಿ ಸೊಂಟದ ಮಾಂಸವಿಲ್ಲ, ಎತ್ತಿನ ಎಲುಬಿನ ಮಜ್ಜೆಯಿದೆ. 1974ರ ದಾಖಲೆಯಲ್ಲಿ ಮಜ್ಜೆಯಿಲ್ಲ. ಹಂದಿ ಎರಡರಲ್ಲೂ ಇದೆ ಎಂಬುದನ್ನು ಮಾತ್ರ ಒಪ್ಪಲೇಬೇಕು. ಆದರೆ ಇದನ್ನು ಬಡಿಸುವುದು ಹುಂಜದ ಸಾರಿನಲ್ಲಿ! ಕೋಳಿ ಹೊರಗೆ ತೇಲಿಸಬಹುದು, ಒಳಗೆ ಬರಬಾರದು ಎಂಬ ತರ್ಕ ನಮಗೆ ಹಿಡಿಯಲಿಲ್ಲ.

ಇನ್ನೊಂದು ಸಂಗತಿಯನ್ನು ಆ ವಾಗ್ವಾದದಲ್ಲಿ ಹೆಚ್ಚು ಜನ ನೆನೆಯಲಿಲ್ಲ. ಅದೇ ಹಿಟ್ಟಿನಿಂದ, ಅದೇ ಮಡಿಕೆಯಿಂದ, ಆದರೆ ದೊಡ್ಡದಾಗಿ ಮಾಡುವ ತೋರ್ತೆಲ್ಲೋನಿ ಎಂಬುದಿದೆ. ಅದರಲ್ಲಿ ಮಾಂಸವಿಲ್ಲ, ರಿಕೋತ್ತಾ ಎಂಬ ಮೆದು ಗಿಣ್ಣು ಮತ್ತು ಸೊಪ್ಪು. ಕ್ರಿಸ್ತಜಯಂತಿಯ ಮುನ್ನಾ ದಿನದಂತಹ ಮಾಂಸವರ್ಜನೆಯ ದಿನಗಳಿಗೆಂದೇ ಅದು ಹುಟ್ಟಿದುದು. ಧರ್ಮಸಭೆಯ ನಿಯಮಕ್ಕಾಗಿ ಹೂರಣ ಬದಲಾದಾಗ ಯಾರ ಪರಂಪರೆಯೂ ಮುಕ್ಕಾಗಲಿಲ್ಲ. ನೆರೆಯವನ ನಿಯಮಕ್ಕಾಗಿ ಬದಲಾದಾಗ ಮಾತ್ರ ನೋವಾಯಿತು. ಕೋಳಿಯದಕ್ಕೆ ಬೇರೆ ಹೆಸರಿಡಿ ಎಂದು ಬಾಣಸಿಗನೊಬ್ಬ ಕೇಳಿದರೆ ಅದರಲ್ಲಿ ನ್ಯಾಯವಿದೆ. ಆ ಪಾತ್ರೆಯೇ ಚೌಕಕ್ಕೆ ಬರಬಾರದೆಂದರೆ ಅದು ಅಡುಗೆಯ ಮಾತಲ್ಲ.

ಊಟ ಮುಗಿಸಿ ಹೊರಬಂದಾಗ ಮಳೆ. ಬೊಲೊನ್ಯಾದಲ್ಲಿ ಕೊಡೆ ಬೇಕಿಲ್ಲ; ನಗರದ ಕಮಾನು ಮೊಗಸಾಲೆಗಳ ಒಟ್ಟು ಉದ್ದ ಸುಮಾರು 62 ಕಿಲೋಮೀಟರ್, 2021ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆ ಕಟ್ಟುವವನು ಬೀದಿಯ ಬದಿಗೆ ಮೊಗಸಾಲೆ ಬಿಡಲೇಬೇಕೆಂದು 1288ರಲ್ಲಿ ನಗರ ಕಟ್ಟಳೆ ಮಾಡಿತು. ನೆಲ ಮನೆಯವನದು, ನಡೆಯುವ ಹಕ್ಕು ಎಲ್ಲರದು. ಆ ನೆರಳಿನಲ್ಲೇ ನಡೆದು ಎರಡು ಗೋಪುರಗಳ ಬುಡಕ್ಕೆ ಬಂದೆವು. 97 ಮೀಟರ್ ಎತ್ತರದ ಅಸಿನೆಲ್ಲಿಯ ಪಕ್ಕದಲ್ಲಿ ವಾಲಿ ನಿಂತ ಗರಿಸೆಂದಾ. ಅಪಾಯದ ಸೂಚನೆ ಕಂಡು 2023ರ ಅಕ್ಟೋಬರಿನಲ್ಲಿ ಅದರ ಸುತ್ತ ಬೇಲಿ ಹಾಕಿದರು. ಬೇಯಿಸಿದ ತಲ್ಯಾತೆಲ್ಲೆ ಎಳೆಯ ಅಗಲ ಅಸಿನೆಲ್ಲಿಯ ಎತ್ತರದ 12,270ನೇ ಒಂದು ಪಾಲು ಇರಬೇಕೆಂದು 1972ರಲ್ಲಿ ನಿರ್ಣಯಿಸಿದ್ದಾರಂತೆ. ಅಂದರೆ 8 ಮಿಲಿಮೀಟರ್. ವಿದ್ಯೆಯೂ ಪುಷ್ಟಿಯೂ ಒಂದಾದರೆ ಹೀಗೇ ಆಗುತ್ತದೆ.

ನಡಿಗೆ ಅಲ್ಲಿಗೆ ಮುಗಿಯಿತು. ಅದರ ಪಟ್ಟಿಯಲ್ಲಿಲ್ಲದ ಎರಡು ಮೇಜುಗಳನ್ನು ನಾವು ಮರುದಿನ ಹುಡುಕಿಕೊಂಡು ಹೋದೆವು. ಒಂದು ಮಸ್ಕರೆಲ್ಲಾ ದೇವಾಲಯದಲ್ಲಿದೆ. 1221ರಲ್ಲಿ ಇದೇ ನಗರದಲ್ಲಿ ನಿಧನರಾದ ಸಂತ ದೊಮಿನಿಕರ ಸೋದರರು ಬರಿದಾದ ಮೇಜಿಗೆ ಕುಳಿತಾಗ ದೂತರು ರೊಟ್ಟಿ ತಂದಿತ್ತರೆಂದು ಪರಂಪರೆ. ಆ ಮೇಜಿನದೆನ್ನಲಾದ ಹಲಗೆಯ ಮೇಲೆ ಆ ಊಟದ ಚಿತ್ರವಿದೆ. ಇನ್ನೊಂದು ಫ್ರಾನ್ಸಿಸ್ಕನ್ ಸಭೆಯ ಅಂತೋನಿಯಾನೊದಲ್ಲಿ. ಯುದ್ಧಕಾಲದ ಜರ್ಮನ್ ಬಂಧನ ಶಿಬಿರಗಳಲ್ಲಿ ಹಸಿವನ್ನು ಕಂಡುಬಂದ ಫಾದರ್ ಎರ್ನೆಸ್ತೊ ಕರೋಲಿಯವರು 1954ರಲ್ಲಿ ಬಡವರಿಗೆಂದು ತೆರೆದ ಭೋಜನಶಾಲೆ ಅದು. ಇಟಲಿಯ ಮಕ್ಕಳೆಲ್ಲ ದೂರದರ್ಶನದಲ್ಲಿ ನೋಡಿ ಬೆಳೆದ ಗಾಯನ ಸ್ಪರ್ಧೆಯೂ 1961ರಿಂದ ಅದೇ ಆವರಣದಲ್ಲಿ ನಡೆದುಬಂದಿದೆ. ನಾವು ಹೋದಾಗ ಮಧ್ಯಾಹ್ನದ ಸರದಿ ನಿಂತಿತ್ತು. ಬಾಗಿಲಲ್ಲಿದ್ದ ಸ್ವಯಂಸೇವಕನು ನಮ್ಮನ್ನೂ ಊಟಕ್ಕೆ ಬಂದವರೆಂದು ಬಗೆದು, ಎಷ್ಟು ಜನ ಎಂದು ಕೇಳಿದನು.