ಬಿದ್ರಿಯ ಕಪ್ಪು, ನವಸಾಗರದ ತಂಪು

ಬೀದರ್ ಜಿಲ್ಲೆಯ ಬಿದ್ರಿ ಸಾಮಾನಿನಲ್ಲಿ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಇರುತ್ತದೆ. ಎರಕ, ಕೆತ್ತನೆ, ಬೆಳ್ಳಿಯ ಕೆಲಸ ಮುಗಿದ ಮೇಲೂ ಅದರ ಮೈ ಬೂದು ಬಣ್ಣದ್ದೇ. ಕೋಟೆಯ ಮಣ್ಣಿಗೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಮತ್ತು ನೀರು ಬೆರೆಸಿ ಬಿಸಿಯಾದ ಸಾಮಾನಿಗೆ ಹಚ್ಚಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹೊರಗಿನಿಂದ ಸತತವಾಗಿ ಶಕ್ತಿ ತುಂಬದೆ ತಾನಾಗಿ ಮುಂದುವರಿಯುವ ಇಂಥ ಬದಲಾವಣೆಯನ್ನು ಸ್ವಯಂಪ್ರೇರಿತ ಕ್ರಿಯೆ ಎನ್ನುತ್ತಾರೆ.

ಶಾಖ ಬಿಡುವ ಕ್ರಿಯೆಗಳೇ ತಾನಾಗಿ ನಡೆಯುತ್ತವೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಬರ್ಥಲೋ ವಾದಿಸಿದ್ದ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿಯುವುದನ್ನು ನೋಡಿದವರಿಗೆ ಇದು ಸರಿಯೆನಿಸುತ್ತದೆ. ಆದರೆ ಅದೇ ನವಸಾಗರವನ್ನು ಒಂದು ಲೋಟ ನೀರಿಗೆ ಹಾಕಿದರೆ ಲೋಟ ತಣ್ಣಗಾಗುತ್ತದೆ! ಶಾಖ ಹೀರಿಕೊಂಡೂ ಅದು ತಾನಾಗಿ ಕರಗುತ್ತದೆ.

ಲೆಕ್ಕಕ್ಕೆ ಇನ್ನೊಂದು ಬಾಬ್ತು ಬೇಕೆಂದು 1870ರ ದಶಕದಲ್ಲಿ ತೋರಿಸಿದವನು ಅಮೆರಿಕದ ವಿಲ್ಲರ್ಡ್ ಗಿಬ್ಸ್. ಅದೇ ಎಂಟ್ರೊಪಿ: ಕಣಗಳೂ ಶಕ್ತಿಯೂ ಎಷ್ಟು ಬಗೆಯಲ್ಲಿ ಹರಡಿಕೊಳ್ಳಬಲ್ಲವು ಎಂಬುದರ ಅಳತೆ. 53.5 ಗ್ರಾಂ ನವಸಾಗರ ಕರಗುವಾಗ ಸುಮಾರು 15 ಕಿಲೋಜೂಲ್ ಶಾಖ ಹೀರುತ್ತದೆ. ಹರಳಿನಲ್ಲಿ ಸಾಲಾಗಿ ನಿಂತಿದ್ದ ಅಯಾನುಗಳು ನೀರಿನಲ್ಲಿ ಚದುರಿದ್ದರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಗುವ ಲಾಭ ಸುಮಾರು 22 ಕಿಲೋಜೂಲ್. ಹೀರಿದ ಶಾಖದಿಂದ ಈ ಲಾಭ ಕಳೆದರೆ ಉಳಿಯುವುದು ಋಣ 7. ಇದೇ ಗಿಬ್ಸ್ ಮುಕ್ತ ಶಕ್ತಿಯ ಬದಲಾವಣೆ; ಅದು ಋಣವಾಗಿದ್ದರೆ ಕ್ರಿಯೆ ತಾನಾಗಿ ನಡೆಯಬಲ್ಲದು.

ಎಂಟ್ರೊಪಿಯ ಪಾಲು ಉಷ್ಣತೆಯೊಡನೆ ಬೆಳೆಯುವುದರಿಂದ ಕಾವು ಏರಿದಂತೆ ತೀರ್ಪು ಬದಲಾಗಬಹುದು. ಸುಣ್ಣದ ಕಲ್ಲು ಊರಬಿಸಿಲಿಗೆ ಜಗ್ಗುವುದಿಲ್ಲ. ಭಟ್ಟಿಯ ಕಾವು 850 ಡಿಗ್ರಿ ದಾಟಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ಬಿದ್ರಿಯ ಲೋಹಗಳಿಗೂ ಇದೇ ಲೆಕ್ಕ: ಒಂದು ಮೋಲ್ ಬೆಳ್ಳಿಯ ಆಕ್ಸೈಡ್ ಆಗುವಾಗ ಮುಕ್ತ ಶಕ್ತಿ ಇಳಿಯುವುದು ಕೇವಲ 11 ಕಿಲೋಜೂಲ್. 200 ಡಿಗ್ರಿಯ ಆಸುಪಾಸಿನಲ್ಲಿ ಅದೂ ಒಡೆದು ಬೆಳ್ಳಿಯೇ ಉಳಿಯುತ್ತದೆ. ಸತುವಿನ ಆಕ್ಸೈಡಿಗೆ ಆ ಇಳಿತ ಸುಮಾರು 320.

ಹಾಗಿದ್ದೂ ಸತುವಿನ ತಗಡು ವರ್ಷಗಟ್ಟಲೆ ಗಟ್ಟಿಯಾಗಿಯೇ ಇರುತ್ತದೆ. ಗಾಳಿ ತಾಗಿದೊಡನೆ ಮೈಮೇಲೆ ಕಟ್ಟುವ ತೆಳು ಪೊರೆ ಮುಂದಿನ ಕ್ರಿಯೆಯನ್ನು ತಡೆಯುತ್ತದೆ. ಕ್ರಿಯೆ ಯಾವ ದಿಕ್ಕಿಗೆ ಎಂಬುದನ್ನು ಮುಕ್ತ ಶಕ್ತಿ ಹೇಳುತ್ತದೆ, ಎಷ್ಟು ಬೇಗ ಎಂಬುದನ್ನಲ್ಲ. ನವಸಾಗರ ಆ ಪೊರೆಯನ್ನು ಕರಗಿಸಿ ಸತುವಿನ ಮೈ ತೆರೆಯುತ್ತದೆ, ಕಾವು ವೇಗ ಹೆಚ್ಚಿಸುತ್ತದೆ. ಒಳ್ಳೆಯ ಕಪ್ಪಿಗೆ ಆ ಒಂದು ಪಾಲು ತಾಮ್ರವೂ ಬೇಕು.